ಬಾಲಗಾಂವದ ದ್ರಾಕ್ಷಿಯ ಕಡ್ಡಿ

ಜತ್ತ ಪಟ್ಟಣವನ್ನು ಹಿಂದೆ ಬಿಟ್ಟು ಪೂರ್ವಕ್ಕೆ, ಸಂಖ ಮತ್ತು ಉಮದಿಗಳ ಸೀಮೆಯತ್ತ ಸಾಗುವ ಪ್ರಯಾಣಿಕನಿಗೆ ಎರಡು ಸಂಗತಿಗಳು ಬೇಗನೆ ಗಮನಕ್ಕೆ ಬರುತ್ತವೆ. ಬಸ್ಸಿನ ಹಲಗೆ ಮರಾಠಿಯದು, ಬಸ್ಸಿನೊಳಗಿನ ಮಾತು ಕನ್ನಡದ್ದು, ಇದು ಮೊದಲನೆಯದು. ಎರಡನೆಯದು ಹೊಲಗಳಲ್ಲಿ ಕಾಣುತ್ತದೆ. ಗರಸು ಮಣ್ಣಿನ ದಿಣ್ಣೆ, ಜಾಲಿಯ ಪೊದೆ, ಮಳೆಗಾಲ ಬಿಟ್ಟರೆ ಉಳಿದ ತಿಂಗಳು ಮರಳೇ ಹೆಚ್ಚಾಗಿ ಕಾಣುವ ಬೋರ್ ನದಿ, ಇವುಗಳ ನಡುವೆ ಇದ್ದಕ್ಕಿದ್ದಂತೆ ಒಂದು ತುಂಡು ಹಸಿರು ಎದುರಾಗುತ್ತದೆ. ಕಬ್ಬಿಣದ ಕೋನಪಟ್ಟಿ, ತಂತಿ, ಹನಿ ನೀರಾವರಿಯ ಕಪ್ಪು ಕೊಳವೆ, ಅದರ ಮೇಲೆ ಹಬ್ಬಿದ ದ್ರಾಕ್ಷಿ. ಊರವರು ಇದನ್ನು ಪಡ ಎನ್ನುತ್ತಾರೆ. ಬಾಲಗಾಂವ ಇಂಥ ಪಡಗಳ ಸೀಮೆಯ ಒಂದು ಊರು. ಗಡಿ ದಾಟಿದರೆ ವಿಜಯಪುರ ಜಿಲ್ಲೆ. ಅಲ್ಲಿಯೂ ಇದೇ ಮಣ್ಣು, ಇದೇ ಮಾತು, ಇದೇ ಬಳ್ಳಿ.

ಬರದ ಸೀಮೆಯಲ್ಲಿ ಇಷ್ಟು ಖರ್ಚಿನ ಬೆಳೆ ಏಕೆ ಎಂದು ಹೊರಗಿನವರು ಕೇಳುವುದುಂಟು. ಉತ್ತರ ಆ ಬರದಲ್ಲೇ ಇದೆ. ದ್ರಾಕ್ಷಿಗೆ ಒಣ ಹವೆ ಬೇಕು. ಹಣ್ಣು ಮಾಗುವಾಗ ಮಳೆ ಬೇಡ. ಕೊಳವೆಬಾವಿಯ ನೀರು, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಅದೂ ಬತ್ತಿದಾಗ ಟ್ಯಾಂಕರ್, ಹೀಗೆ ಹೇಗಾದರೂ ಬೇರಿಗೆ ನೀರು ಮುಟ್ಟಿಸಿದರೆ ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ. ಕೃಷ್ಣೆಯ ನೀರನ್ನು ಎತ್ತುವ ಮ್ಹೈಸಾಳ ಯೋಜನೆಯ ಹೆಸರು ಈ ಸೀಮೆಯಲ್ಲಿ ಎರಡು ತಲೆಮಾರುಗಳಿಂದ ಕೇಳಿಬರುತ್ತಿದೆ. ಆ ನೀರಿನ ಕಥೆ ಬೇರೆಯೇ ಒಂದು ಲೇಖನಕ್ಕೆ ಸಾಕು. ಇಲ್ಲಿ ಹೇಳಬೇಕಾದುದು ಬಳ್ಳಿಯ ಕಥೆ.

ವರ್ಷಕ್ಕೆ ಎರಡು ಬಾರಿ ಚಾಟ್ನಿ. ಏಪ್ರಿಲಿನಲ್ಲಿ ಕತ್ತರಿಸಿದ ಬಳ್ಳಿ ಬೇಸಿಗೆಯಲ್ಲಿ ಹೊಸ ಕಡ್ಡಿ ಬೆಳೆಸಿ, ಆ ಕಡ್ಡಿಯೊಳಗೆ ಮುಂದಿನ ಗೊಂಚಲನ್ನು ಕಣ್ಣಿಗೆ ಕಾಣದಂತೆ ಸಿದ್ಧಪಡಿಸಿಕೊಳ್ಳುತ್ತದೆ. ಅಕ್ಟೋಬರ್ ಸುಮಾರಿಗೆ ಮತ್ತೆ ಕತ್ತರಿಸಿದರೆ ಆ ಗೊಂಚಲು ಹೊರಬರುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಹಣ್ಣು. ಲೆಕ್ಕ ಇಷ್ಟು ಸರಳ. ಆದರೆ ಅಕ್ಟೋಬರ್ ಮತ್ತು ನವೆಂಬರಿನಲ್ಲಿ, ಗೊಂಚಲು ಹೂ ಬಿಡುವ ಹೊತ್ತಿಗೆ ಮೋಡ ಕವಿದು ಎಲೆಯ ಮೇಲೆ ನೀರು ನಿಂತರೆ ಲೆಕ್ಕ ತಪ್ಪುತ್ತದೆ. ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಬಿದ್ದಂಥ ಹಳದಿ ಮಚ್ಚೆ, ಕೆಳಭಾಗದಲ್ಲಿ ಬಿಳಿಯ ತುಪ್ಪಳ, ಆಮೇಲೆ ಗೊಂಚಲೇ ಕೊಳೆತು ಉದುರುವುದು. ಇದು ಡೌನಿ ಮಿಲ್ಡ್ಯೂ. ರೈತರ ಬಾಯಲ್ಲಿ ದಾವಣಿ, ಮರಾಠಿಯಲ್ಲಿ ದಾವಣ್ಯಾ. 2009ರ ನವೆಂಬರಿನಲ್ಲಿ ಫಯಾನ್ ಚಂಡಮಾರುತ ಅರಬ್ಬೀ ಸಮುದ್ರದಿಂದ ಎದ್ದು ಬಂದಾಗ ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರಿಗೆ ಆದದ್ದು ಇದೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆದುದರಿಂದ ಸಿಂಪಡಣೆ. ಚಾಟ್ನಿಯಾದ ದಿನದಿಂದ ಕಟಾವಿನವರೆಗೆ ಟ್ರ್ಯಾಕ್ಟರಿನ ಹಿಂದಿನ ಬ್ಲೋವರ್ ಸುಮ್ಮನಿರುವ ವಾರ ಅಪರೂಪ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದಿಂದ ಹಿಡಿದು ಹೆಸರು ಉಚ್ಚರಿಸಲು ಬಾರದ ಔಷಧಗಳವರೆಗೆ ಎಲ್ಲವೂ ಈ ಬಳ್ಳಿಗೆ ಬೇಕು. (ಆ ಬೋರ್ಡೋ ದ್ರಾವಣದ ಹುಟ್ಟು ಸ್ವಾರಸ್ಯಕರ. ಫ್ರಾನ್ಸಿನಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ವಿಷದಂತೆ ಕಾಣುವ ನೀಲಿ ಬಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿದರು. 1885ರಲ್ಲಿ ಅದು ಔಷಧವಾಗಿ ಪ್ರಕಟವಾಯಿತು.) ಔಷಧ ಹೆಚ್ಚಾದರೆ ಬೇರೆ ಕಷ್ಟ. 2010ರಲ್ಲಿ ಬೆಳವಣಿಗೆ ನಿಯಂತ್ರಕವಾದ ಕ್ಲೋರ್ಮೆಕ್ವಾಟ್‌ನ ಶೇಷ ಕಂಡುಬಂತೆಂದು ಯುರೋಪು ಭಾರತದ ದ್ರಾಕ್ಷಿಯ ಕಂಟೇನರುಗಳನ್ನು ತಿರಸ್ಕರಿಸಿತು. ಆ ವರ್ಷ ಬೀದಿಗೆ ಬಂದವರಲ್ಲಿ ಆ ರಾಸಾಯನಿಕದ ಹೆಸರನ್ನೇ ಕೇಳದ ರೈತರು ಅನೇಕರು.

ಇಷ್ಟೆಲ್ಲ ಔಷಧ ಬೇಡುವ ಬಳ್ಳಿಯನ್ನೇ ಬದಲಿಸಬಾರದೇಕೆ? ಈ ಪ್ರಶ್ನೆಗೆ ಉತ್ತರ ಒಣದ್ರಾಕ್ಷಿಯ ಶೆಡ್ಡಿನಲ್ಲಿದೆ. ಜತ್ತ ಸೀಮೆಯಲ್ಲಿ ಹಣ್ಣಿನ ದೊಡ್ಡ ಪಾಲು ತಾಜಾ ಮಾರಾಟಕ್ಕಿಂತ ಒಣಗಿಸುವುದಕ್ಕೇ ಹೋಗುತ್ತದೆ. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಹಸಿರು ನೆರಳುಬಲೆ ಹೊದಿಸಿದ ಶೆಡ್ಡಿನ ಬಲೆಯ ಅಂತಸ್ತುಗಳ ಮೇಲೆ ಹರವುತ್ತಾರೆ. ಎರಡು ವಾರದಲ್ಲಿ ಅದು ತಾಸಗಾಂವ, ಸಾಂಗಲಿ ಅಥವಾ ವಿಜಯಪುರದ ಪೇಟೆಗೆ ಹೋಗಲು ಸಿದ್ಧ. ಸಾಂಗಲಿಯ ಒಣದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆ ಪೇಟೆಗಳಲ್ಲಿ ಇದರ ಹೆಸರು ಬೇದಾಣಾ. ಪಾರಸಿಯಲ್ಲಿ ‘ಬೇ’ ಎಂದರೆ ಇಲ್ಲ, ‘ದಾನಾ’ ಎಂದರೆ ಕಾಳು ಅಥವಾ ಬೀಜ. ವ್ಯಾಪಾರದ ಹೆಸರೇ ‘ಬೀಜವಿಲ್ಲದ್ದು’ ಎಂದಿರುವಾಗ ಬೀಜವಿರುವ ಹಣ್ಣನ್ನು ಅಲ್ಲಿ ಯಾರು ಕೇಳುತ್ತಾರೆ?

ಬಳ್ಳಿಯನ್ನು ಸುಧಾರಿಸಬೇಕಾದರೆ ಸಾಮಾನ್ಯವಾಗಿ ಎರಡು ಗಿಡಗಳನ್ನು ಸಂಕರಿಸಿ ಬೀಜ ಪಡೆದು ಬಿತ್ತಬೇಕು. ಬೇದಾಣಾ ಬಳ್ಳಿಯಲ್ಲಿ ಬೀಜವೇ ಇಲ್ಲ. ಇದ್ದ ಒಂದೇ ದಾರಿ ಕಡ್ಡಿ. ಕಡ್ಡಿಯಿಂದ ಬೆಳೆದ ಬಳ್ಳಿ ತಾಯಿಯ ಮಗಳಲ್ಲ, ತಾಯಿಯೇ. ಟರ್ಕಿ ಮತ್ತು ಇರಾನಿನ ಕಡೆಯ ಸುಲ್ತಾನಾ ಎಂಬ ಹಳೆಯ ಬಳ್ಳಿಯ ಕಡ್ಡಿಗಳನ್ನು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ವಿಲಿಯಂ ಥಾಮ್ಸನ್ ಎಂಬಾತ 1870ರ ದಶಕದಲ್ಲಿ ಬೆಳೆದು ಹಂಚಿದ್ದರಿಂದ ಅದು ಥಾಮ್ಸನ್ ಸೀಡ್‌ಲೆಸ್ ಆಯಿತು. ಭಾರತಕ್ಕೆ ಬಂದು ಪಶ್ಚಿಮ ಮಹಾರಾಷ್ಟ್ರವನ್ನು ಆವರಿಸಿದ್ದು ಅದೇ ಬಳ್ಳಿ. ಇಂದು ಜತ್ತದ ಪಡಗಳಲ್ಲಿರುವ ಬಳ್ಳಿಗಳ ಬಹುಪಾಲು ಸಾವಿರ ಹೆಸರು ಹೊತ್ತ ಒಂದೇ ಗಿಡ ಎಂದರೆ ಅತಿಶಯೋಕ್ತಿಯಾಗದು.

ಸಣ್ಣ ವ್ಯತ್ಯಾಸಗಳಿವೆ, ಅವನ್ನು ಕಂಡುಹಿಡಿದ ಕೀರ್ತಿ ರೈತರದು. ಒಂದು ಬಳ್ಳಿಯ ಒಂದು ಕೊಂಬೆಯ ಮೊಗ್ಗಿನಲ್ಲಿ ಜೀನು ತಾನಾಗಿ ಮಾರ್ಪಡುವುದುಂಟು. ಆ ಕೊಂಬೆಯ ಹಣ್ಣು ತುಸು ಉದ್ದ, ಇಲ್ಲವೇ ಬಣ್ಣ ಬೇರೆ. ಸಾವಿರ ಗೊಂಚಲುಗಳ ನಡುವೆ ಆ ಒಂದನ್ನು ಗುರುತಿಸುವುದು ಸಾಮಾನ್ಯದ ಮಾತಲ್ಲ. ಸಾಂಗಲಿ ಜಿಲ್ಲೆಯದೇ ಆದ ತಾಸಗಾಂವ ತಾಲೂಕಿನ ಬೋರಗಾಂವದಲ್ಲಿ ವಸಂತರಾವ್ ಆರ್ವೆಯವರು ಹೀಗೆ ಥಾಮ್ಸನ್ನಿನಿಂದ ಆರಿಸಿದ ಬಳ್ಳಿಯೇ ‘ತಾಸ್-ಎ-ಗಣೇಶ’. ಸೊಲ್ಲಾಪುರದ ಬಳಿಯ ನಾನ್ನಜದಲ್ಲಿ ನಾನಾಸಾಹೇಬ್ ಕಾಳೆಯವರು ಉದ್ದ ಕಾಳಿನ ‘ಸೋನಾಕಾ’ವನ್ನೂ ಕಪ್ಪು ಹಣ್ಣಿನ ‘ಶರದ್ ಸೀಡ್‌ಲೆಸ್’ಅನ್ನೂ ಕೊಟ್ಟರು. ಅವರ ಪ್ರಯೋಗಾಲಯ ಅವರ ಹೊಲ. ಉಪಕರಣ ಅವರ ಕಣ್ಣು. ಆದರೆ ಕಣ್ಣು ಕಾಳಿನ ಉದ್ದವನ್ನು ನೋಡಬಲ್ಲದು, ರೋಗವನ್ನು ತಡೆಯುವ ಶಕ್ತಿಯನ್ನು ಬಳ್ಳಿಯೊಳಗೆ ಇಡಲಾರದು. ಥಾಮ್ಸನ್ ದಾವಣಿಗೆ ಸೋತರೆ ತಾಸ್-ಎ-ಗಣೇಶವೂ ಸೋಲುತ್ತದೆ, ಸೋನಾಕಾವೂ ಸೋಲುತ್ತದೆ. ಒಂದೇ ಕೀಲಿಯಿಂದ ತೆರೆಯುವ ನೂರು ಬೀಗಗಳಂತೆ.

ತಡೆಯುವ ಶಕ್ತಿ ಎಲ್ಲಿದೆ? ಅಮೆರಿಕದ ಕಾಡುದ್ರಾಕ್ಷಿಗಳಲ್ಲಿ. ದಾವಣಿಯೂ ಬೂದಿ ರೋಗವೂ ಆ ಖಂಡದಲ್ಲಿ ಹುಟ್ಟಿದವು. ಅಲ್ಲಿನ ಬಳ್ಳಿಗಳು ಅವುಗಳೊಡನೆ ಬಾಳಲು ಕಲಿತವು. ಆ ಕಾಡುಬಳ್ಳಿಯೊಂದು ಬಾಲಗಾಂವದ ಮಣ್ಣಿನಲ್ಲಿ ಈಗಾಗಲೇ ಇದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಪಡ ಹಾಕುವವರು ಮೊದಲು ನೆಡುವ ‘ಡಾಗ್ರಿಜ್’ ಟೆಕ್ಸಾಸಿನ ಕುಲದ್ದು. ಬರವನ್ನೂ ಕೊಳವೆಬಾವಿಯ ಸವಳು ನೀರನ್ನೂ ಥಾಮ್ಸನ್ನಿನ ಬೇರಿಗಿಂತ ಚೆನ್ನಾಗಿ ತಾಳುತ್ತದೆಂದು ಅದನ್ನು ಬೇರುಸಸಿಯಾಗಿ ಬೆಳೆಸಿ, ಮೇಲೆ ಬೇಕಾದ ತಳಿಯ ಕುಡಿಯನ್ನು ಕಸಿ ಕಟ್ಟುತ್ತಾರೆ. ಬೇರು ಅಮೆರಿಕದ್ದು, ತಲೆ ಪಶ್ಚಿಮ ಏಷ್ಯದ್ದು, ನಡುವೆ ಕಟ್ಟಿದ ಪಟ್ಟಿ ಬಾಲಗಾಂವದ್ದು. ಆದರೆ ಬೇರಿನ ಶಕ್ತಿ ಎಲೆಗೆ ಏರುವುದಿಲ್ಲ. ಕಸಿಯ ಗಂಟಿನ ಮೇಲೆ ದಾವಣಿಗೆ ದಾರಿ ಮೊದಲಿನಂತೆಯೇ ತೆರೆದಿದೆ. ಆ ಶಕ್ತಿ ಎಲೆಗೆ ಬರಬೇಕಾದರೆ ಎರಡು ಕುಲಗಳ ಜೀನುಗಳು ಒಂದೇ ಗಿಡದಲ್ಲಿ ಸೇರಬೇಕು.

ಸಂಕರದ ಪ್ರಯತ್ನಗಳು ಕನ್ನಡ ನಾಡಿನಲ್ಲೂ ನಡೆದಿವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬ್ಲ್ಯಾಕ್ ಚಂಪಾ ಎಂಬ ಬೀಜದ ತಳಿಗೆ ಥಾಮ್ಸನ್ನಿನ ಪರಾಗ ಕೊಟ್ಟು ‘ಅರ್ಕಾವತಿ’ ಮತ್ತು ‘ಅರ್ಕಾ ನೀಲಮಣಿ’ಗಳನ್ನು ಪಡೆಯಿತು. ಗಮನಿಸಬೇಕಾದುದು ಇಲ್ಲಿ ಥಾಮ್ಸನ್ ತಂದೆ ಮಾತ್ರ. ಅದು ತಾಯಿಯಾಗಲು ಬರುವುದಿಲ್ಲ. ಹೂವಿನಲ್ಲಿ ಫಲೀಕರಣ ನಡೆಯುತ್ತದೆ, ಭ್ರೂಣ ಮೂಡುತ್ತದೆ, ಕೆಲವು ವಾರಗಳಲ್ಲಿ ಬೆಳವಣಿಗೆ ನಿಂತು ಸಾಯುತ್ತದೆ. ಹಣ್ಣನ್ನು ಅಗಿಯುವಾಗ ಕೆಲವೊಮ್ಮೆ ಹಲ್ಲಿಗೆ ತಾಗುವ ಮೆತ್ತನೆಯ ಎಳೆ ಆ ಭ್ರೂಣದ ಗುರುತು. ಬೀಜದ ತಾಯಿಗೆ ಬೀಜವಿಲ್ಲದ ತಂದೆಯನ್ನು ಕೂಡಿಸಿದಾಗ ಮಕ್ಕಳಲ್ಲಿ ಬೀಜವಿಲ್ಲದವು ಸಿಗುವುದು ಕೆಲವೇ ಕೆಲವು. ಉಳಿದವನ್ನು ವರ್ಷಗಟ್ಟಲೆ ಸಾಕಿ, ಹಣ್ಣು ನೋಡಿ, ಕಿತ್ತೆಸೆಯಬೇಕು.

ಈ ಗಂಟನ್ನು ಬಿಡಿಸಿದ್ದು ಭ್ರೂಣರಕ್ಷಣೆ ಎಂಬ ವಿಧಾನ. ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಅಮೆರಿಕ ಸರಕಾರದ ವಿಜ್ಞಾನಿಗಳಾದ ರ‍್ಯಾಮಿಂಗ್ ಮತ್ತು ಎಮರ್‌ಶಾಡ್ 1980ರ ದಶಕದ ಆರಂಭದಲ್ಲಿ ಇದನ್ನು ದ್ರಾಕ್ಷಿಗೆ ಅಳವಡಿಸಿದರು. ಬೀಜವಿಲ್ಲದ ತಾಯಿಯ ಹೂವಿಗೆ ಬೇಕಾದ ಪರಾಗ ಹಾಕಿ, ಭ್ರೂಣ ಸಾಯುವ ಮೊದಲೇ ಎಳೆಯ ಕಾಯನ್ನು ಸೀಳಿ, ಒಳಗಿನ ಅಂಡಕವನ್ನು ತೆಗೆದು ಗಾಜಿನ ಸೀಸೆಯಲ್ಲಿ ಸಕ್ಕರೆ, ಲವಣ, ಹಾರ್ಮೋನು ಕೂಡಿದ ಅಗರ್ ಮೇಲೆ ಬೆಳೆಸುವುದು. ತಾಯಿಯ ಹೊಟ್ಟೆಯಲ್ಲಿ ಉಳಿಯದ ಕೂಸು ಸೀಸೆಯಲ್ಲಿ ಉಳಿಯುತ್ತದೆ. ತಂದೆ ತಾಯಿ ಇಬ್ಬರೂ ಬೀಜವಿಲ್ಲದವರಾದ್ದರಿಂದ ಮಕ್ಕಳಲ್ಲಿ ಹೆಚ್ಚಿನ ಪಾಲು ಬೀಜವಿಲ್ಲದವೇ. ಇದರಲ್ಲಿ ಹೊರಗಿನ ಜೀನು ತುರುಕುವ ಮಾತಿಲ್ಲ. ಜೈವಿಕ ತಂತ್ರಜ್ಞಾನ ಎಂದೊಡನೆ ಬಿಟಿ ಹತ್ತಿಯನ್ನೇ ನೆನೆದು ಬೆಚ್ಚುವವರು ಈ ಭೇದವನ್ನು ತಿಳಿಯುವುದು ಒಳ್ಳೆಯದು.

ಎರಡನೆಯ ಉಪಕಾರ ಕಾಲದ್ದು. ದ್ರಾಕ್ಷಿಯ ಸಸಿ ಫಲ ಕೊಡಲು ಮೂರು ವರ್ಷ ಬೇಕು. ಒಂದು ತಳಿ ಸಿದ್ಧವಾಗಲು ಹದಿನೈದು ಇಪ್ಪತ್ತು ವರ್ಷ ಹಿಡಿದದ್ದುಂಟು. 2007ರಲ್ಲಿ ಫ್ರಾನ್ಸ್ ಮತ್ತು ಇಟಲಿಯ ವಿಜ್ಞಾನಿಗಳು ದ್ರಾಕ್ಷಿಯ 19 ಜೋಡಿ ವರ್ಣತಂತುಗಳ ಪೂರ್ಣ ಬರಹವನ್ನು ಓದಿ ಪ್ರಕಟಿಸಿದರು. ಸುಮಾರು 30,000 ಜೀನುಗಳ ಆ ಪುಸ್ತಕದಲ್ಲಿ ಬೀಜವಿಲ್ಲದ ಗುಣದ ಜೀನು ಯಾವುದು, ದಾವಣಿಯನ್ನು ತಡೆಯುವವು ಯಾವ ಪುಟದಲ್ಲಿವೆ ಎಂಬುದು ಈಗ ಬಹುಮಟ್ಟಿಗೆ ಗೊತ್ತು. ನಾಲ್ಕು ಎಲೆಯ ಸಸಿಯಿಂದ ಒಂದು ಚೂರು ತೆಗೆದು ಪರೀಕ್ಷಿಸಿದರೆ, ಬೇಡದ ಗುಣದ ಸಸಿಯನ್ನು ಹಣ್ಣಿಗಾಗಿ ಕಾಯದೆ ಅಂದೇ ಬಿಡಬಹುದು. ಸವಳು ಮಣ್ಣಿನಲ್ಲಿ ಮೂರು ವರ್ಷ ನೀರು ಕುಡಿಸಿ ಕೊನೆಗೆ ಕಿತ್ತೆಸೆಯುವ ಕಷ್ಟವನ್ನು ಬಲ್ಲ ರೈತನಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇದೆಲ್ಲ ದೂರದ ವಿದ್ಯೆಯೆಂದು ಕನ್ನಡ ಶಾಲೆಯ ಮಕ್ಕಳು ತಿಳಿಯಬೇಕಾಗಿಲ್ಲ. ಮಹಾರಾಷ್ಟ್ರದ ಬಾಲಭಾರತಿಯ ವಿಜ್ಞಾನ ಪುಸ್ತಕಗಳಲ್ಲಿ ಒಂಬತ್ತನೆಯ ತರಗತಿಗೆ ಜೈವಿಕ ತಂತ್ರಜ್ಞಾನದ ಪರಿಚಯವೂ ಹತ್ತನೆಯದಕ್ಕೆ ಅನುವಂಶಿಕತೆಯ ಪಾಠವೂ ಇವೆ. ಉತ್ತರಪತ್ರಿಕೆಗಾಗಿ ಕಂಠಪಾಠ ಮಾಡುವ ಊತಕ ಕೃಷಿಗೂ ಮನೆಯ ಹಿಂದಿನ ಪಡಕ್ಕೂ ಇರುವ ನಂಟನ್ನು ತೋರಿಸಿಕೊಡುವ ಒಬ್ಬ ಶಿಕ್ಷಕ ಸಿಕ್ಕರೆ ಆ ಪಾಠ ಮರೆಯುವುದಿಲ್ಲ.

ಇನ್ನು ತಳಿಗಳು. 1997ರಲ್ಲಿ ಪುಣೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ‘ಮಾಂಜರಿ’ ಎಂದು ಆರಂಭವಾಗುವ ಹೆಸರಿನ ತಳಿಗಳು ಅಲ್ಲಿಯವು, ಒಣಗಿಸಲೆಂದೇ ಬಂದ ‘ಮಾಂಜರಿ ಕಿಶ್‌ಮಿಶ್’ ಕೂಡ. ಪುಣೆಯದೇ ಆದ ಆಘಾರ್ಕರ್ ಸಂಶೋಧನಾ ಸಂಸ್ಥೆಯು ಅಮೆರಿಕದ ಕಟಾಬಾ ಮತ್ತು ಬ್ಯೂಟಿ ಸೀಡ್‌ಲೆಸ್‌ಗಳನ್ನು ಸಂಕರಿಸಿ ‘ಎಆರ್‌ಐ-516’ ಎಂಬ, ಶಿಲೀಂಧ್ರ ರೋಗಗಳನ್ನು ತಾಳುವ, ರಸಕ್ಕೆ ಒದಗುವ ತಳಿಯನ್ನು ಕೊಟ್ಟಿದೆ. ಅದು ಹಳೆಯ ಕ್ರಮದ ಸಂಕರದಿಂದಲೇ ಬಂದದ್ದು. ಪ್ರಯೋಗಾಲಯದ ಹೊಸ ವಿದ್ಯೆ ಹಳೆಯ ತಾಳ್ಮೆಯನ್ನು ತಳ್ಳಿಹಾಕುವುದಿಲ್ಲ. ಆದರೂ ತೆಳು ಸಿಪ್ಪೆ, ಒಣಗಿದ ಮೇಲೆ ಹಸಿರು ಛಾಯೆ, ಬೀಜವಿಲ್ಲದಿರುವುದು, ದಾವಣಿಗೆ ಬಗ್ಗದಿರುವುದು, ಈ ನಾಲ್ಕೂ ಒಂದೇ ಬಳ್ಳಿಯಲ್ಲಿ ಕೂಡಿ ಜತ್ತದ ರೈತ ಕಣ್ಣುಮುಚ್ಚಿ ನೆಡುವಂಥದ್ದು ಇನ್ನೂ ಬರಬೇಕಾಗಿದೆ.

ಇದಕ್ಕಿಂತ ನೇರವಾದ ದಾರಿ ಜೀನು ತಿದ್ದುಪಡಿ. ಇರುವ ತಳಿಯ ಹೆಸರು, ರುಚಿ ಯಾವುದನ್ನೂ ಕೆಡಿಸದೆ, ರೋಗಕ್ಕೆ ಬಾಗಿಲು ತೆರೆಯುವ ಒಂದು ಜೀನನ್ನಷ್ಟೇ ಮುಚ್ಚುವುದು. ಇಟಲಿಯ ವೆರೋನಾ ವಿಶ್ವವಿದ್ಯಾಲಯದವರು ದಾವಣಿಗಾಗಿ ಹೀಗೆ ತಿದ್ದಿದ ಶಾರ್ಡೊನೆ ಬಳ್ಳಿಗಳನ್ನು 2024ರಲ್ಲಿ ಹೊಲಕ್ಕೆ ತಂದರು. 2025ರ ಫೆಬ್ರುವರಿಯ ಒಂದು ರಾತ್ರಿ ಯಾರೋ ಬೇಲಿ ಮುರಿದು ಅವನ್ನು ನಾಶಮಾಡಿದರು. ವಾದವನ್ನು ಕತ್ತರಿಯಿಂದ ಮುಗಿಸಲು ಹೊರಡುವುದು ವಿಜ್ಞಾನದ ವಿರೋಧಿಗಳಿಗೂ ಶೋಭೆಯಲ್ಲ. ಭಾರತದಲ್ಲಿ 2022ರ ಮಾರ್ಚ್ 30ರ ಆದೇಶದಿಂದ, ಹೊರಗಿನ ಜೀನು ಉಳಿಯದಂತೆ ತಿದ್ದಿದ ಸಸ್ಯಗಳಿಗೆ ಬಿಟಿ ಬೆಳೆಗಳಿಗಿದ್ದ ಕಟ್ಟುನಿಟ್ಟಿನ ನಿಯಮಗಳಿಂದ ವಿನಾಯಿತಿ ದೊರೆತಿದೆ. 2025ರಲ್ಲಿ ಅಂಥ ಎರಡು ಭತ್ತದ ತಳಿಗಳು ಪ್ರಕಟವಾದವು.

ಇಲ್ಲಿಯವರೆಗೆ ವಿಜ್ಞಾನ. ಇನ್ನು ಮೇಲೆ ಬರುವ ಪ್ರಶ್ನೆ ಕಾನೂನಿನದು, ಮತ್ತು ಬಾಲಗಾಂವದಂಥ ಊರಿಗೆ ಅದೇ ದೊಡ್ಡದು. ಆರ್ವೆ, ಕಾಳೆಯವರ ಬಳ್ಳಿಗಳು ಕಡ್ಡಿಯಾಗಿ ಊರಿಂದೂರಿಗೆ ನಡೆದುಬಂದವು. ಬೀಗರ ಮನೆಗೆ ಹೋದವರು ಒದ್ದೆ ಗೋಣಿಯಲ್ಲಿ ಸುತ್ತಿ ತಂದದ್ದೇ ಅವುಗಳ ಪ್ರಸಾರ. ನಾಳೆ ಪ್ರಯೋಗಾಲಯದಲ್ಲಿ ಹುಟ್ಟಿ, ನೋಂದಣಿಯಾಗಿ ಬರುವ ಬಳ್ಳಿಯ ಕಡ್ಡಿಯನ್ನೂ ಹೀಗೆ ತರಬಹುದೇ? ಹೊರದೇಶದ ಪರವಾನಗಿಯ ದ್ರಾಕ್ಷಿ ತಳಿಗಳು ನಾಸಿಕದ ಕಡೆ ಈಗಾಗಲೇ ಬಂದಿರುವುದರಿಂದ ಇದು ಕೇವಲ ಊಹೆಯ ಪ್ರಶ್ನೆಯಲ್ಲ.

ಭಾರತದಲ್ಲಿ ಸಸ್ಯಕ್ಕಾಗಲಿ ಬೀಜಕ್ಕಾಗಲಿ ಪೇಟೆಂಟ್ ಇಲ್ಲ. ಅದರ ಬದಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವಿದೆ. ಹೊಸ ತಳಿ ನೋಂದಾಯಿಸಿದವರಿಗೆ ಮರ ಮತ್ತು ಬಳ್ಳಿಗಳ ವಿಷಯದಲ್ಲಿ ಒಟ್ಟು 18 ವರ್ಷಗಳವರೆಗೆ ರಕ್ಷಣೆ ದೊರೆಯಬಹುದು. ಅದೇ ಅಧಿನಿಯಮದ 39ನೆಯ ಕಲಮು ರೈತನ ಕಡೆಗಿದೆ: ರಕ್ಷಿತ ತಳಿಯೇ ಆದರೂ ರೈತನು ತನ್ನ ಬೆಳೆಯನ್ನು, ಬೀಜವನ್ನೂ ಸೇರಿಸಿ, ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು, ಮಾಡಬಾರದ್ದು ಒಂದೇ, ರಕ್ಷಿತ ತಳಿಯೆಂದು ಚೀಟಿ ಹಚ್ಚಿ ಪೊಟ್ಟಣ ಕಟ್ಟಿ ಬ್ರಾಂಡಿನ ಬೀಜವಾಗಿ ಮಾರುವುದು. ದ್ರಾಕ್ಷಿಗೆ ಬೀಜವೆಲ್ಲಿದೆ ಎಂದು ಕೇಳಬಹುದು. ಅಧಿನಿಯಮದ ವ್ಯಾಖ್ಯೆಯಲ್ಲಿ ಬೀಜವೆಂದರೆ ಭ್ರೂಣ ಮಾತ್ರವಲ್ಲ, ತನ್ನಂತೆಯೇ ಇನ್ನೊಂದು ಗಿಡವಾಗಿ ಬೆಳೆಯಬಲ್ಲ ಸಸ್ಯಭಾಗವೂ ಹೌದು. ಬೀಜವಿಲ್ಲದ ಬಳ್ಳಿಯ ಕಡ್ಡಿ ಕಾನೂನಿನ ಕಣ್ಣಿಗೆ ಬೀಜವೇ.

ಈ ಹಕ್ಕು ಕಾಗದದ ಮೇಲಿದ್ದರೆ ಸಾಲದೆಂಬುದಕ್ಕೆ ಗುಜರಾತಿನ ಆಲೂಗಡ್ಡೆಯ ಪ್ರಕರಣ ಸಾಕ್ಷಿ. ಪೆಪ್ಸಿಕೋ ಕಂಪನಿಯು ತನ್ನ ನೋಂದಾಯಿತ ಆಲೂಗಡ್ಡೆ ಬೆಳೆದರೆಂದು 2019ರಲ್ಲಿ ನಾಲ್ವರು ರೈತರ ಮೇಲೆ ತಲಾ ಒಂದು ಕೋಟಿ ರೂಪಾಯಿಗೂ ಮೀರಿದ ದಾವೆ ಹೂಡಿತು. ದೇಶದ ತುಂಬ ಆಕ್ರೋಶ ಎದ್ದ ಮೇಲೆ ಹಿಂತೆಗೆದುಕೊಂಡಿತು. 2021ರಲ್ಲಿ ಪ್ರಾಧಿಕಾರ ಆ ತಳಿಯ ನೋಂದಣಿಯನ್ನೇ ರದ್ದುಮಾಡಿತು. 2024ರ ಜನವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು. ಕೋಟಿಯ ದಾವೆಯ ನೋಟೀಸು ಹಿಡಿದು ನಿಂತ ರೈತನಿಗೆ 39ನೆಯ ಕಲಮು ಮೊದಲೇ ಗೊತ್ತಿರುವುದಕ್ಕೂ ಇಲ್ಲದಿರುವುದಕ್ಕೂ ಅಂತರ ಬಹಳ. ಪರವಾನಗಿಯ ತಳಿ ನೆಡುವಾಗ ಸಹಿ ಹಾಕಿಸಿಕೊಳ್ಳುವ ಕರಾರು ಬೇರೆಯೇ ಒಂದು ಬಂಧನ. ಅದು ಇಂಗ್ಲಿಷಿನಲ್ಲಿರುವುದೇ ಹೆಚ್ಚು. ಹಣ್ಣನ್ನು ಯಾರಿಗೆ ಮಾರಬೇಕು, ಕಡ್ಡಿಯನ್ನು ಏನು ಮಾಡಬೇಕು, ಬಳ್ಳಿಯನ್ನು ಎಂದು ಕೀಳಬೇಕು ಎಂಬ ಮೂರು ಮಾತುಗಳನ್ನಾದರೂ ಕನ್ನಡದಲ್ಲಿ ಹೇಳಿಸಿಕೊಂಡಲ್ಲದೆ ಹೆಬ್ಬೆಟ್ಟೂ ಬೇಡ, ಸಹಿಯೂ ಬೇಡ.

ಕಡ್ಡಿಯ ಉಚಿತ ವಿನಿಮಯಕ್ಕೆ ಇನ್ನೊಂದು ಮುಖವಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕವಲ್ಲ. ಕಡ್ಡಿಯೊಡನೆ ಎಲೆಸುರುಳಿಯಂಥ ವೈರಸ್ಸುಗಳೂ ಸಾಗಿಬರುತ್ತವೆ, ಅವಕ್ಕೆ ಔಷಧವಿಲ್ಲ. ಕೇಂದ್ರ ಸರಕಾರ 2024ರ ಆಗಸ್ಟಿನಲ್ಲಿ ಒಪ್ಪಿದ ಸ್ವಚ್ಛ ಸಸ್ಯ ಕಾರ್ಯಕ್ರಮದಲ್ಲಿ ಒಂಬತ್ತು ಕೇಂದ್ರಗಳ ಯೋಜನೆಯಿದ್ದು, ದ್ರಾಕ್ಷಿಯದು ಪುಣೆಗೆ ನಿಗದಿಯಾಗಿದೆ. ಊತಕ ಕೃಷಿಯಿಂದ ವೈರಸ್ ಕಳೆದು, ಪರೀಕ್ಷಿಸಿದ ತಾಯಿಗಿಡಗಳನ್ನು ಅಲ್ಲಿಂದ ನರ್ಸರಿಗಳಿಗೆ ಕೊಡುವುದು ಉದ್ದೇಶ. ಜತ್ತದ ಪೂರ್ವ ಭಾಗದವರು ಕೇಳಿ ಪಡೆಯಬೇಕಾದ ಜೈವಿಕ ತಂತ್ರಜ್ಞಾನದಲ್ಲಿ ಇದು ಮೊದಲನೆಯದು. ಹೊಸ ತಳಿಗಾಗಿ ಹತ್ತು ವರ್ಷ ಕಾಯುವ ಅಗತ್ಯವೂ ಇದಕ್ಕಿಲ್ಲ.

ಮಳೆಗಾಲದ ಕೊನೆಗೆ, ಆಗಸ್ಟ್ ಸೆಪ್ಟೆಂಬರಿನಲ್ಲಿ, ಡಾಗ್ರಿಜ್ ಸಸಿಗಳು ಪೆನ್ಸಿಲಿನ ದಪ್ಪಕ್ಕೆ ಬರುತ್ತವೆ. ಕಸಿ ಕಟ್ಟುವ ತಂಡದವರು ಬೆಳಿಗ್ಗೆಯೇ ಹೊಲಕ್ಕಿಳಿದು ಸಸಿಯನ್ನು ಕತ್ತರಿಸಿ, ಸೀಳು ಮಾಡಿ, ಬೆಣೆಯಂತೆ ಕೆತ್ತಿದ ಕುಡಿಯನ್ನು ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಆ ಕುಡಿ ಎಲ್ಲಿಯದು, ಯಾವ ತಳಿಯದು, ಕೊಟ್ಟವರು ಯಾರು ಎಂಬುದನ್ನು ಒಂದು ವಹಿಯಲ್ಲಿ ಬರೆದು, ನರ್ಸರಿಯದಾದರೆ ರಸೀದಿಯನ್ನು ಜೊತೆಗಿಡುವುದು ಐದು ನಿಮಿಷದ ಕೆಲಸ. ಹೇಳಿದಷ್ಟು ಫಲ ಕೊಡದ ನೋಂದಾಯಿತ ತಳಿಗೆ ಪರಿಹಾರ ಕೇಳುವ ಹಕ್ಕನ್ನೂ ಅದೇ 39ನೆಯ ಕಲಮು ಕೊಟ್ಟಿದೆ. ಆ ದಿನ ಬಂದರೆ ಪ್ರಾಧಿಕಾರ ಮೊದಲು ಕೇಳುವುದು ಆ ಚೀಟಿಯನ್ನೇ. ಮನೆಯಲ್ಲಿ ಹತ್ತನೆಯ ತರಗತಿಯ ಮಗನೋ ಮಗಳೋ ಇದ್ದರೆ ಆ ವಹಿಯ ಕೆಲಸವನ್ನು ಅವರಿಗೆ ಒಪ್ಪಿಸಬಹುದು. ಕನ್ನಡದಲ್ಲೇ ಬರೆಯಲಿ.